ಜೋಳದ ರಾಶಿಗೆ ಮುಚ್ಚಿದ ಫ್ಲೆಕ್ಸು

ಟಾರ್ಪಾಲಿನ ಮೇಲೆ ಹೆಸರು ಬರೆಸಬೇಡ ಎಂದು ನನ್ನ ಹೆಂಡತಿ ಸುನೀತಾ ಹೇಳಿದ್ದಳು. ನಾನು ಕೇಳಲಿಲ್ಲ. ಊರಿನ ಪೇಂಟರ್ ಹತ್ತಿರ ಹೋಗಿ, ಕೆಂಪು ಬಣ್ಣದಲ್ಲಿ, ಮೊಳದುದ್ದದ ಅಕ್ಷರಗಳಲ್ಲಿ 'ಪರಶುರಾಮ್, ನಲ್ಲೂರು' ಎಂದು ಬರೆಸಿಕೊಂಡು ಬಂದೆ. ಆ ಎರಡು ಪದಗಳ ದೆಸೆಯಿಂದ ಈಗ ಜಗಳೂರಿನಲ್ಲಿ ಕೂತಿದ್ದೇನೆ. ರಿಟೈರ್ ಆಗಲು ಎಂಟು ತಿಂಗಳಿದ್ದಾಗ ಆದ ವರ್ಗಾವಣೆ ಇದು. ಸಿಕ್ಕವರೆಲ್ಲ ಅಯ್ಯೋ ಪಾಪ ಅನ್ನುತ್ತಾರೆ. ಪಾಪ ಗೀಪ ಏನೂ ಇಲ್ಲ. ಇಲ್ಲಿ ಒಳ್ಳೆಯ ರೊಟ್ಟಿ ಸಿಗುತ್ತದೆ, ಸಂಜೆ ಗಾಳಿ ಬೀಸುತ್ತದೆ, ದಿಂಬಿಗೆ ತಲೆ ಕೊಟ್ಟರೆ ಸಾಕು, ನಿದ್ದೆ ಬರುತ್ತದೆ. ಮೂವತ್ತೈದು ವರ್ಷದ ಸರ್ವಿಸಿನಲ್ಲಿ ಹೀಗೆ ನಿದ್ದೆ ಬಂದದ್ದು ಇದೇ ಮೊದಲು.

ನಾನು ಪೊಲೀಸ್ ಮುಖ್ಯ ಪೇದೆ. ಕೊನೆಯ ಆರು ವರ್ಷ ಹೊನ್ನಾಳಿಯಲ್ಲಿ ಕೋರ್ಟ್ ಡ್ಯೂಟಿ ಮಾಡಿದೆ. ಸಮನ್ಸ್ ಹಿಡಿದುಕೊಂಡು ಹಳ್ಳಿ ಹಳ್ಳಿ ತಿರುಗುವುದು, ಸಾಕ್ಷಿಗಳನ್ನು ಕರೆತಂದು ಬೆಂಚಿನ ಮೇಲೆ ಕೂರಿಸುವುದು, ಸರ್ಕಾರದ ಪರವಾಗಿ ಕೇಸು ನಡೆಸುವ ಅಭಿಯೋಜಕರ ಫೈಲು ಹೊರುವುದು, ಇಷ್ಟೇ ಕೆಲಸ. ಅಭಿಯೋಜಕರನ್ನು ನಾವೆಲ್ಲ ಪಿಪಿ ಅನ್ನುತ್ತೇವೆ. ಆ ಕೆಲಸವನ್ನು ನಾನು ಪ್ರಾಮಾಣಿಕವಾಗಿ ಮಾಡಿದೆ ಎಂದರೆ ನನ್ನ ನಾಲಿಗೆಯೇ ನನ್ನನ್ನು ನೋಡಿ ನಗುತ್ತದೆ. ಯಾರೋ ಫೋನ್ ಮಾಡಿ 'ಆ ಸಾಕ್ಷಿ ಸಿಗಲಿಲ್ಲ ಅಂತ ಬರೀರಿ' ಅಂದರೆ, ಕೋರ್ಟಿನ ಎದುರಿನ ಹೋಟೆಲಿನಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಲೇ ಸಮನ್ಸಿನ ಹಿಂದೆ 'ಸಾಕ್ಷಿ ಊರಿನಲ್ಲಿ ಇಲ್ಲ' ಎಂದು ಬರೆದು ವಾಪಸ್ ಕೊಟ್ಟಿದ್ದೇನೆ. ಒಂದು ಸಲ ಅಲ್ಲ, ಹತ್ತಾರು ಸಲ. ಆ ಸಾಕ್ಷಿ ಪಕ್ಕದ ಮೇಜಿನಲ್ಲೇ ಟೀ ಕುಡಿಯುತ್ತಿದ್ದದ್ದೂ ಉಂಟು.

ಮಮತಾ ಮೇಡಂ ಪಿಪಿಯಾಗಿ ಬಂದ ಮೇಲೆ ಅದು ನಿಂತಿತು. ಅವರದ್ದು ನ್ಯಾಮತಿ. ಅವರ ಅಪ್ಪ ಕೂಲಿ ಮಾಡಿ ಓದಿಸಿದವರು. ತಾಯಿ ಉಡಚಮ್ಮ ಈಗಲೂ ಮನೆಯ ಮುಂದೆ ಬುದ್ಧನ ಪಟದ ಕೆಳಗೆ ಕೂತು ಅವರೆಕಾಯಿ ಬಿಡಿಸುತ್ತಾರೆ. ಬಂದ ಮೊದಲ ತಿಂಗಳೇ ಮೇಡಂ ನಾನು ವಾಪಸ್ ಕೊಟ್ಟ ಒಂದು ಸಮನ್ಸ್ ಹಿಡಿದು, "ಪರಶುರಾಮ್ ಅವರೇ, ಈ ಊರಿಗೆ ನೀವು ಯಾವ ದಾರೀಲಿ ಹೋಗಿದ್ರಿ?" ಎಂದು ಕೇಳಿದರು. ನಾನು ಹೋಗಿರಲಿಲ್ಲವಲ್ಲ, ದಾರಿ ತಪ್ಪಾಗಿ ಹೇಳಿದೆ. ಅವರು ಬೈಯಲಿಲ್ಲ. ಬಸ್ಸಿನ ಟೈಮು ಬರೆದುಕೊಟ್ಟು ಮತ್ತೆ ಕಳಿಸಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಅವರ ಕೆಲಸದ ರೀತಿಯೇ ಬೇರೆ. ವಿಚಾರಣೆಯ ಹಿಂದಿನ ದಿನ, ಕೋರ್ಟ್ ಮುಗಿದ ಮೇಲೆ, ಸಾಕ್ಷಿಯನ್ನು ಖಾಲಿ ಹಾಲಿಗೆ ಕರೆದುಕೊಂಡು ಹೋಗಿ ಕಟಕಟೆಯನ್ನು ತೋರಿಸುತ್ತಿದ್ದರು. "ಏನು ಹೇಳಬೇಕು ಅಂತ ನಾನು ಹೇಳಲ್ಲ. ನೀವು ಕಂಡದ್ದು ನಿಮಗೇ ಗೊತ್ತು. ಎಲ್ಲಿ ನಿಲ್ಲಬೇಕು, ಯಾರು ಎಲ್ಲಿ ಕೂತಿರ್ತಾರೆ, ಅಷ್ಟು ನೋಡ್ಕೊಳ್ರಿ" ಅನ್ನುತ್ತಿದ್ದರು. ಫೈಲಿನ ಅಂಚಿನಲ್ಲಿ ಪೆನ್ಸಿಲ್‌ನಿಂದ ಸಣ್ಣದಾಗಿ ಒಬ್ಬೊಬ್ಬರ ಬಗ್ಗೆ ಬರೆದುಕೊಳ್ಳುತ್ತಿದ್ದರು. 'ಎಡ ಕಿವಿ ಮಂದ, ಬಲಗಡೆಯಿಂದ ಕೇಳಬೇಕು.' 'ಮೂರು ಗಂಟೆಗೆ ಹಾಲು ಕರೆಯಬೇಕು, ಬೇಗ ಬಿಡಬೇಕು.' ಕಾನೂನಿನ ಪುಸ್ತಕದಲ್ಲಿ ಇಲ್ಲದ ಕಾನೂನು ಅದು.

ಸಾಸ್ವೆಹಳ್ಳಿಯ ಪಾಪಣ್ಣನ ಕೇಸು ಅವರ ಕೈಗೆ ಬಂದಾಗ ಅರ್ಧ ಸತ್ತಿತ್ತು. ಪಾಪಣ್ಣ ನೀರಗಂಟಿ, ಕಾಲುವೆಯ ನೀರು ಹಂಚುವ ಕೆಲಸ. ಹೊಳೆಯಿಂದ ಕದ್ದ ಮರಳು ತುಂಬಿದ ಟ್ರ್ಯಾಕ್ಟರುಗಳು ಕಾಲುವೆಯ ಏರಿ ಒಡೆಯುತ್ತವೆ ಎಂದು ಒಂದು ದಿನ ಮಧ್ಯಾಹ್ನ ಅಡ್ಡ ನಿಂತ. ಟ್ರ್ಯಾಕ್ಟರಿನ ಮಾಲೀಕ ಮುತ್ತುರಾಜ್ ಹಿಂದಿನಿಂದ ಬಂದು ಹಾರೆಯಿಂದ ಹೊಡೆದ. ಮೊಣಕಾಲು ಪುಡಿಯಾಯಿತು, ತಲೆಗೆ ಒಂಬತ್ತು ಹೊಲಿಗೆ ಬಿತ್ತು. ಹಿಂದಿನಿಂದ ಬಿದ್ದ ಏಟಾದ್ದರಿಂದ ಹೊಡೆದವನ ಮುಖವನ್ನು ಪಾಪಣ್ಣ ನೋಡಲೇ ಇಲ್ಲ. ನೋಡಿದ್ದವರು ಐದು ಜನ. ನಾಲ್ಕು ಜನ ಕೋರ್ಟಿನಲ್ಲಿ 'ನಮಗೇನೂ ಗೊತ್ತಿಲ್ಲ' ಅಂದರು. ಉಳಿದವಳು ಒಬ್ಬಳೇ, ಪಾಪಣ್ಣನ ಹೆಂಡತಿ ಕರಿಬಸಮ್ಮ. ಗಂಡನಿಗೆ ಬುತ್ತಿ ತೆಗೆದುಕೊಂಡು ಹೋಗಿದ್ದವಳು ಎಲ್ಲವನ್ನೂ ಕಣ್ಣಾರೆ ಕಂಡಿದ್ದಳು.

ಅವಳನ್ನು ಹೋದ ವರ್ಷ ಕಟಕಟೆಗೆ ಹತ್ತಿಸಿದರು. ಎದುರಿಗೆ ಮುತ್ತುರಾಜ್ ನಿಂತಿದ್ದ. ಸುಮ್ಮನೆ ಅವಳನ್ನೇ ನೋಡುತ್ತಾ ಮೀಸೆಯ ಸಂದಿಯಲ್ಲಿ ನಕ್ಕ, ಅಷ್ಟೇ. ಕರಿಬಸಮ್ಮನ ಬಾಯಿ ಒಣಗಿತು. ಹೆಸರು ಕೇಳಿದರೂ ಹೇಳಲಿಲ್ಲ. ಸೆರಗು ಬಾಯಿಗೆ ಇಟ್ಟುಕೊಂಡು ಗಡಗಡ ನಡುಗಿದಳು. ನ್ಯಾಯಾಧೀಶರು ಒಳ್ಳೆಯವರು, ಸಾಕ್ಷಿಗೆ ಹುಷಾರಿಲ್ಲ ಎಂದು ಬರೆಸಿ ಬೇರೆ ದಿನಾಂಕ ಕೊಟ್ಟರು. ಮೇಡಂ ಅವತ್ತು ಅವಳ ಹೆಸರಿನ ಮುಂದೆ ಪೆನ್ಸಿಲ್‌ನಿಂದ ಬರೆದದ್ದನ್ನು ನಾನೇ ಓದಿದ್ದೇನೆ: 'ಉಂಡು ಬಂದಿರುವುದಿಲ್ಲ. ಬೆಲ್ಲ ಕೊಡಬೇಕು. ಆರೋಪಿಯ ಮುಖಕ್ಕೆ ಹೆದರುತ್ತಾಳೆ.'

ಆ ಕೇಸು ನಿಂತಿದ್ದು ಆ ಒಬ್ಬ ಹೆಂಗಸಿನ ಬಾಯಿಯ ಮೇಲೆ. ಅದು ಮುತ್ತುರಾಜ್‌ಗೂ ಗೊತ್ತಿತ್ತು, ಅವನ ಮುಖಂಡ ರಂಗನಾಥ್‌ಗೂ ಗೊತ್ತಿತ್ತು.

ರಂಗನಾಥ್ ಯಾವ ಚುನಾವಣೆಯಲ್ಲೂ ಗೆದ್ದವರಲ್ಲ, ಆದರೆ ಗೆದ್ದವರೆಲ್ಲರ ಕಾರಿನಲ್ಲೂ ಮುಂದಿನ ಸೀಟಿನಲ್ಲಿ ಕೂತವರು. ಅಕ್ಟೋಬರ್‌ನಲ್ಲಿ ಒಂದು ದಿನ ಮೇಡಂ ಕಚೇರಿಗೆ ಬಂದರು. ಮೇಡಂ ಟೀ ತರಿಸಿದರು.

"ಮಮತಾ ಅವರೇ, ನಮ್ಮ ಹುಡುಗಂದು ಒಂದು ಕೇಸೈತೆ. ಆ ಅಜ್ಜಿನ ಬಾಳ ಒತ್ತಾಯ ಮಾಡಾಕೆ ಹೋಗಬೇಡ್ರಿ. ಪಾಪ, ಕೋರ್ಟು ಕಂಡ್ರೆ ಹೆದರ್ಕಂತಾಳೆ" ಅಂದರು.

"ಹೆದರಿಕೆ ಕೋರ್ಟಿಂದಲ್ಲ ಸರ್" ಅಂದರು ಮೇಡಂ. "ಟೀ ಆರ್ತಾ ಐತೆ, ತಗೊಳ್ರಿ."

"ನಿಮ್ದು ಇನ್ನೂ ಒಂದೂವರೆ ವರ್ಷ ಐತಲ್ಲ ಅವಧಿ?"

"ಐತೆ ಸರ್."

"ಇರ್ಲಿ, ನೋಡಾಣ" ಎಂದು ರಂಗನಾಥ್ ಟೀ ಮುಟ್ಟದೆ ಎದ್ದು ಹೋದರು. ಟೀ ನಾನು ಕುಡಿದೆ.

ನವೆಂಬರ್ ಹದಿಮೂರಕ್ಕೆ ಆದೇಶವಾಯಿತು. ಹದಿನಾಲ್ಕರ ಬೆಳಿಗ್ಗೆ, ಮೇಡಂ ಒಬ್ಬ ಸಾಕ್ಷಿಯನ್ನು ವಿಚಾರಿಸುತ್ತಿರುವಾಗಲೇ, ಅದು ಕೈಗೆ ಬಂತು. ನೇಮಕಾತಿಯನ್ನು ತಕ್ಷಣದಿಂದ ಜಾರಿಗೆ ಬರುವಂತೆ ರದ್ದುಪಡಿಸಲಾಗಿದೆ, ಅವರ ಜಾಗಕ್ಕೆ ವಕೀಲ ರವಿಕುಮಾರ್ ಅವರನ್ನು ನೇಮಿಸಲಾಗಿದೆ. ಕಾರಣ ಇಲ್ಲ, ನೋಟಿಸ್ ಇಲ್ಲ. ಮೇಡಂ ಎರಡು ಸಲ ಓದಿದರು, ಮಡಿಸಿ ಫೈಲಿನಲ್ಲಿಟ್ಟರು, ನ್ಯಾಯಾಧೀಶರಿಗೆ ವಿಷಯ ತಿಳಿಸಿದರು, ಕಟಕಟೆಯಲ್ಲಿದ್ದ ಮುದುಕನಿಗೆ "ಅಜ್ಜ, ಇವತ್ತು ಊರಿಗೆ ಹೋಗ್ರಿ, ಇನ್ನೊಂದು ದಿನ ಕರೀತಾರೆ" ಅಂದರು. ನನಗೆ ಸಿಟ್ಟು ಬಂತು, ಅಳುವೂ ಬಂತು. ಪೊಲೀಸಿನವನು ಕೋರ್ಟಿನಲ್ಲಿ ಅಳುವುದು ಚೆನ್ನಾಗಿರುವುದಿಲ್ಲ ಎಂದು ಹೊರಗೆ ಹೋಗಿ ಬೈಕಿಗೆ ಒದ್ದೆ. ಕಾಲಿಗೇ ನೋವಾಯಿತು.

ಈಗ ಫ್ಲೆಕ್ಸಿನ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆ ಹುಟ್ಟಿದರೂ ಫ್ಲೆಕ್ಸು, ಸತ್ತರೂ ಫ್ಲೆಕ್ಸು. ಮಧ್ಯದಲ್ಲಿ ಪಕ್ಷದ ಪದಾಧಿಕಾರಿಯಾದರೆ ಎರಡು ಫ್ಲೆಕ್ಸು. ಮೇಲೆ ದೊಡ್ಡವರ ಚಿತ್ರ, ನಡುವೆ ಅಭಿನಂದನೆಗೆ ಪಾತ್ರರಾದವರ ಚಿತ್ರ, ಕೆಳಗೆ ಸಾಲಾಗಿ 'ಶುಭ ಕೋರುವವರು' ಎಂದು ಪಾಸ್‌ಪೋರ್ಟ್ ಸೈಜಿನ ಮುಖಗಳು. ಆ ಸಾಲಿನಲ್ಲಿ ಮುಖ ಇಲ್ಲದಿದ್ದರೆ ಊರಿನಲ್ಲಿ ಮಾನ ಇಲ್ಲ. ರವಿಕುಮಾರ್‌ಗೆ ಕೆಲಸ ಕೊಡಿಸುತ್ತೇವೆ ಎಂದು ಬೆಂಗಳೂರಿನಿಂದ ಯಾರೋ ಫೋನಿನಲ್ಲಿ ಮಾತು ಕೊಟ್ಟದ್ದೇ ತಡ, ರಂಗನಾಥ್ ಕಡೆಯವರು ಸನ್ಮಾನ ಸಮಾರಂಭ ಇಟ್ಟುಕೊಂಡುಬಿಟ್ಟರು. ಆ ಭಾನುವಾರ ಬಿಟ್ಟರೆ ಮುಖಂಡರಿಗೆ ಬಿಡುವಿರಲಿಲ್ಲವಂತೆ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರು ಅನ್ನುತ್ತಾರಲ್ಲ, ಇವರು ಕುಲಾವಿ ಹೊಲಿಸಿ ಮೆರವಣಿಗೆಯನ್ನೂ ಮಾಡಿದರು. ಆದೇಶವಾದದ್ದು ಹದಿಮೂರಕ್ಕೆ. ಶಾಲು ಹಾರ ಹಾಕಿದ್ದು ಒಂಬತ್ತಕ್ಕೆ. ಫ್ಲೆಕ್ಸು ಎದ್ದದ್ದು ಆರಕ್ಕೆ.

'ನಮ್ಮ ನಾಯಕರಾದ ರಂಗನಾಥ್ ಅವರ ಅವಿರತ ಪ್ರಯತ್ನದಿಂದ ನೂತನ ಸರ್ಕಾರಿ ಅಭಿಯೋಜಕರಾಗಿ ನೇಮಕಗೊಂಡಿರುವ' ಎಂದು ಅದರಲ್ಲಿ ಬರೆದಿತ್ತು. ಕೆಳಗಿನ ಸಾಲಿನ ಶುಭ ಕೋರುವವರಲ್ಲಿ ಎಡದಿಂದ ಮೂರನೆಯವನು ಮುತ್ತುರಾಜ್. ಕಪ್ಪು ಕನ್ನಡಕ ಹಾಕಿಕೊಂಡು, ಮೊಬೈಲನ್ನು ಕಿವಿಗೆ ಇಟ್ಟುಕೊಂಡು, ತನ್ನ ಮೇಲಿನ ಕೇಸನ್ನು ನಡೆಸಲಿರುವ ಸರ್ಕಾರಿ ವಕೀಲರಿಗೆ ತಾನೇ ಶುಭ ಕೋರುತ್ತಿದ್ದ.

ಮೇಡಂ ಹೈಕೋರ್ಟಿಗೆ ಹೋದರು. ರಾಜಕೀಯ ಒತ್ತಡದಿಂದ ತೆಗೆದಿದ್ದಾರೆ ಎನ್ನುವುದಕ್ಕೆ ಯಾರದೋ ಮೊಬೈಲಿನಲ್ಲಿದ್ದ ಫ್ಲೆಕ್ಸಿನ ಫೋಟೋ ಕೊಟ್ಟರು. ಎದುರಿನ ವಕೀಲರು 'ಇವೆಲ್ಲ ಈಗ ಕಂಪ್ಯೂಟರಿನಲ್ಲಿ ಮಾಡಿದ್ದು, ಎಐ ಕಾಲ ಇದು, ಅಂಥ ಫ್ಲೆಕ್ಸೇ ಇರಲಿಲ್ಲ' ಅಂದರು. ಇಷ್ಟರಲ್ಲಿ ಯಾರೋ ಬುದ್ಧಿವಂತರು ರಂಗನಾಥ್‌ಗೆ ದಿನಾಂಕದ ಎಡವಟ್ಟು ತಿಳಿಸಿದ್ದರು. ಹೊನ್ನಾಳಿ, ನ್ಯಾಮತಿ ಎರಡೂ ಕಡೆಯ ಫ್ಲೆಕ್ಸುಗಳು ಮಾಯವಾದವು. ಮುದ್ರಿಸಿದವನ ಕಂಪ್ಯೂಟರ್ ಕೂಡ ಕೆಟ್ಟುಹೋಯಿತಂತೆ. ಡಿಸೆಂಬರ್ ಎರಡರೊಳಗೆ ಬೇರೆ ಆಧಾರವಿದ್ದರೆ ಕೊಡಿ ಎಂದು ಹೈಕೋರ್ಟ್ ಹೇಳಿತು. ಕರಿಬಸಮ್ಮನ ಸಾಕ್ಷಿ ಇದ್ದದ್ದು ಡಿಸೆಂಬರ್ ನಾಲ್ಕಕ್ಕೆ.

ಅವಳ ಸಮನ್ಸ್ ನನ್ನ ಕೈಗೆ ಬಂದಾಗ ನನ್ನ ಹಳೆಯ ಬುದ್ಧಿ ಎದ್ದು ಕೂತಿತು. ನ್ಯಾಮತಿಗೆ ಹೋಗಿ ಮೇಡಂ ಮನೆಯಲ್ಲಿ ಕೂತು ಹೇಳಿದೆ: "ಮೇಡಂ, ಸಾಕ್ಷಿ ಊರಲ್ಲಿಲ್ಲ ಅಂತ ಬರ್ದು ಕೊಡ್ತೀನಿ. ದಿನಾಂಕ ಮುಂದಕ್ಕೆ ಹೋಗ್ತೈತೆ. ಅಷ್ಟ್ರಲ್ಲಿ ನೀವು ವಾಪಸ್ ಬರ್ತೀರಿ. ಹೊಸಬ್ರ ಕೈಲಿ ಆಯಮ್ಮ ನಿಂತ್ರೆ ಕೇಸು ಅಲ್ಲಿಗೇ ಮುಗೀತು."

ಮೇಡಂ ತಾಯಿಯ ಜೊತೆ ಅವರೆಕಾಯಿ ಬಿಡಿಸುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ಸುಳ್ಳು ಬರೆದು ಕೇಸು ಉಳಿಸಾಕೆ ಆಗಲ್ಲ ಪರಶುರಾಮ್ ಅವರೇ. ಅವರು ಮಾಡಿದ್ದನ್ನೇ ನಾವೂ ಮಾಡಿದಂಗಾಗ್ತದೆ. ಹೋಗಿ ಅವರ ಕೈಗೇ ಕೊಟ್ಟು ಸಹಿ ಹಾಕಿಸ್ಕೊಂಡು ಬರ್ರಿ."

"ನೀವಿಲ್ದೆ ಆಯಮ್ಮ ಮಾತಾಡಲ್ಲ ಮೇಡಂ."

"ಮಾತಾಡಲ್ಲ ಅಂತ ನಾವೇ ಯಾಕೆ ತೀರ್ಮಾನ ಮಾಡಬೇಕು?" ಅಂದರು. ಆಮೇಲೆ, "ಹೋಗೋವಾಗ ಅವರಿಗೆ ಬೆಲ್ಲ ತಗೊಂಡು ಹೋಗ್ರಿ" ಅಂದರು. ಉಡಚಮ್ಮ ಎದ್ದು ಹೋಗಿ ಒಂದು ಅಚ್ಚು ಬೆಲ್ಲವನ್ನು ಕಾಗದದಲ್ಲಿ ಕಟ್ಟಿಕೊಟ್ಟರು. ನನಗೆ ಮೇಡಂ ಮೇಲೂ ಸಿಟ್ಟು ಬಂತು. ಒಳ್ಳೆಯವರ ಜೊತೆ ಇರುವುದು ಸುಲಭವಲ್ಲ.

ಮರುದಿನ, ನವೆಂಬರ್ ಇಪ್ಪತ್ತೆಂಟು, ಸಾಸ್ವೆಹಳ್ಳಿಗೆ ಹೋದೆ. ಕರಿಬಸಮ್ಮ ಮನೆಯ ಮುಂದೆ ಮೆಕ್ಕೆಜೋಳದ ತೆನೆ ಬಿಡಿಸುತ್ತಾ ಕೂತಿದ್ದಳು. ಪಾಪಣ್ಣ ಮುರಿದ ಕಾಲನ್ನು ಉದ್ದಕ್ಕೆ ಚಾಚಿಕೊಂಡು ಪಕ್ಕದಲ್ಲಿ ಬೀಡಿ ಸೇದುತ್ತಿದ್ದ. ಬೆಲ್ಲ ಕೊಟ್ಟೆ, ಸಮನ್ಸ್ ಕೊಟ್ಟೆ. ಅವಳು ಹೆಬ್ಬೆಟ್ಟು ಒತ್ತಲು ಕೈಯನ್ನು ಸೀರೆಗೆ ಒರೆಸಿಕೊಂಡು, ಕೂತಲ್ಲಿಂದ ಸ್ವಲ್ಪ ಸರಿದಳು. ಅವಳ ಸೊಂಟದ ಅಡಿಯಿಂದ ಒಂದು ಕಪ್ಪು ಕನ್ನಡಕ ಹೊರಬಂತು. ಕಿವಿಯ ಹತ್ತಿರ ಮೊಬೈಲು.

ನಾನು ಬಗ್ಗಿ ನೋಡಿದೆ. ಅದೇ ಫ್ಲೆಕ್ಸು.

"ಅವ್ವಾ, ಇದು ಎಲ್ಲಿ ಸಿಕ್ತು?"

"ಯಾವುದ್ರೀ? ಈ ಹಾಳೆನಾ? ನಮ್ಮೂರ ಸರ್ಕಲ್ನಾಗೂ ಕಟ್ಟಿದ್ರಲ್ಲ. ಸನ್ಮಾನ ಆದ ಮರುದಿನ ಯಾರ್ದೋ ಹುಟ್ಟಿದಬ್ಬದ್ದು ಕಟ್ಟಾಕೆ ಇದನ್ನ ಕಿತ್ತು ಚರಂಡಿ ಪಕ್ಕ ಒಗೆದಿದ್ರು. ಜೋಳಕ್ಕೆ ಆಗ್ತದಂತ ತಂದೆ. ಹಗಲು ಹಾಸ್ಕಂತೀನಿ, ಸಂಜಿಗೆ ರಾಶಿಗೆ ಮುಚ್ಚತೀನಿ. ಯಾಕ್ರೀ ಸಾಹೇಬ್ರೆ, ತರಬಾರದಿತ್ತಾ?"

ಫ್ಲೆಕ್ಸಿನ ಆಯಸ್ಸು ಕಂಬದ ಮೇಲೆ ಮೂರು ದಿನ, ನಮ್ಮ ಹಿತ್ತಲುಗಳಲ್ಲಿ ಮೂರು ವರ್ಷ. ಇದನ್ನು ಊರಿಗೆಲ್ಲ ಫ್ಲೆಕ್ಸು ಹಾಕಿಸುವ ರಂಗನಾಥ್ ಮರೆತಿದ್ದರು. ಕೆಳಗೆ ಕೂತು ತೆನೆಗಳನ್ನು ಪಕ್ಕಕ್ಕೆ ಸರಿಸಿ ಮೂಲೆ ನೋಡಿದೆ. ಈ ಫ್ಲೆಕ್ಸು ಏಳುವ ಹಿಂದಿನ ತಿಂಗಳು ಪಂಚಾಯಿತಿಯವರು ಅನುಮತಿ ಇಲ್ಲದ ಫ್ಲೆಕ್ಸುಗಳನ್ನೆಲ್ಲ ಕಿತ್ತುಹಾಕಿದ್ದರು. ತಮ್ಮ ಫ್ಲೆಕ್ಸು ಕೀಳಬಾರದು ಎಂದು ರಂಗನಾಥ್ ಕಡೆಯವರು ಜೀವಮಾನದಲ್ಲಿ ಒಂದೇ ಒಂದು ಸಲ ಕಾಯಿದೆ ಪಾಲಿಸಿದ್ದರು. ಮೂಲೆಯಲ್ಲಿ ಅನುಮತಿ ಸಂಖ್ಯೆ, ನೇರಳೆ ಬಣ್ಣದ ಸೀಲು, ದಿನಾಂಕ ನವೆಂಬರ್ ಆರು. ಸೀಲಿನ ಮೇಲೆ ನಾಲ್ಕು ಜೋಳದ ಕಾಳು ಅಂಟಿದ್ದವು. ನನಗೆ ಎಷ್ಟು ಸಂತೋಷವಾಯಿತೆಂದರೆ, ಪಾಪಣ್ಣನ ಬೀಡಿ ಇಸಿದುಕೊಂಡು ಒಂದು ದಮ್ಮು ಎಳೆದೆ. ನಾನು ಬೀಡಿ ಬಿಟ್ಟು ಹನ್ನೊಂದು ವರ್ಷವಾಗಿತ್ತು.

ಅಲ್ಲಿಂದಲೇ ಮೇಡಂಗೆ ಫೋನ್ ಮಾಡಿದೆ. ಅವರು ಸೀಲಿನ ದಿನಾಂಕವನ್ನು ಎರಡು ಸಲ ಓದಿಸಿದರು. ಆಮೇಲೆ, "ಅದನ್ನ ನೀವು ತರಬೇಡ್ರಿ. ನಿಮಗೆ ಕೆಲಸ ಐತೆ, ಪೆನ್ಷನ್ ಐತೆ. ಅದು ಕರಿಬಸಮ್ಮಂದು. ಅವರಿಗೆ ಕೊಡಬೇಕು ಅನ್ಸಿದ್ರೆ ಅವರೇ ತರಲಿ" ಅಂದರು.

ಕರಿಬಸಮ್ಮನಿಗೆ ಎಲ್ಲ ಬಿಡಿಸಿ ಹೇಳಿದೆ. ಈ ಹಾಳೆ ಬೆಂಗಳೂರಿಗೆ ಹೋದರೆ ಲಾಯರಮ್ಮ ವಾಪಸ್ ಬರಬಹುದು, ಹೋಗದಿದ್ದರೆ ಇಲ್ಲ. ಅವಳು ಫ್ಲೆಕ್ಸನ್ನು ನೋಡಿದಳು, ಜೋಳದ ರಾಶಿಯನ್ನು ನೋಡಿದಳು, ಮೇಲೆ ಮೋಡವನ್ನು ನೋಡಿದಳು.

"ಕೊಡಾಕೆ ಏನ್ರೀ, ಕೊಡ್ತೀನಿ. ಜೋಳಕ್ಕೆ ಏನು ಮುಚ್ಲಿ? ಮಳೆ ಬಂದ್ರೆ ಮೊಳಕೆ ಒಡೀತದೆ."

ನ್ಯಾಯವಾದ ಮಾತು. ಬೈಕ್ ಹತ್ತಿ ನಲ್ಲೂರಿಗೆ ಹೋಗಿ ನನ್ನ ಟಾರ್ಪಾಲು ತಂದು ಅವಳ ರಾಶಿಗೆ ಮುಚ್ಚಿದೆ. ಆ ಸಡಗರದಲ್ಲಿ ಅದರ ಮೇಲೆ ಏನು ಬರೆದಿದೆ ಎನ್ನುವುದು ನನ್ನ ತಲೆಯಲ್ಲೇ ಇರಲಿಲ್ಲ. ಮರುದಿನ ಕರಿಬಸಮ್ಮ ಫ್ಲೆಕ್ಸನ್ನು ಸುತ್ತಿ, ಹಗ್ಗದಿಂದ ಬಿಗಿದು, ತಲೆಯ ಮೇಲೆ ಹೊತ್ತುಕೊಂಡು ಬಸ್ಸಿನಲ್ಲಿ ನ್ಯಾಮತಿಗೆ ಹೋದಳಂತೆ. ಕಂಡಕ್ಟರ್ 'ಏನಜ್ಜಿ ಇದು' ಅಂದದ್ದಕ್ಕೆ 'ಸರ್ಕಾರದ ಕಾಗದ' ಅಂದಳಂತೆ.

ಅದು ಬೆಂಗಳೂರಿಗೆ ಹೋಯಿತು. ಡಿಸೆಂಬರ್ ಎರಡಕ್ಕೆ ಹೈಕೋರ್ಟಿನಲ್ಲಿ ಬಿಚ್ಚಿ ಹಿಡಿದರಂತೆ, ನಾಲ್ಕು ಜನ ಬೇಕಾಯಿತಂತೆ. ಆದೇಶಕ್ಕಿಂತ ಏಳು ದಿನ ಮೊದಲಿನ ಸೀಲು, ನಾಯಕರ ಅವಿರತ ಪ್ರಯತ್ನ, ಶುಭ ಕೋರುವ ಆರೋಪಿ, ಮೂರೂ ಒಂದೇ ಹಾಳೆಯಲ್ಲಿ. ನ್ಯಾಯಮೂರ್ತಿಗಳು ಹೆಚ್ಚು ಕೇಳಲಿಲ್ಲವಂತೆ. ಮೂರನೇ ತಾರೀಖು ಸಂಜೆ ತಡೆಯಾಜ್ಞೆ ಬಂತು. ಮುಂದಿನ ತೀರ್ಮಾನದವರೆಗೆ ಮಮತಾ ಅವರೇ ಮುಂದುವರಿಯತಕ್ಕದ್ದು.

ನಾಲ್ಕನೇ ತಾರೀಖು ಬೆಳಿಗ್ಗೆ ಮೇಡಂ ಕೋರ್ಟಿಗೆ ಬಂದಾಗ ರವಿಕುಮಾರ್ ಫೈಲುಗಳನ್ನೆಲ್ಲ ಮೇಜಿನ ಮೇಲೆ ಜೋಡಿಸಿಟ್ಟು ಕಾಯುತ್ತಿದ್ದರು. ನಾನು ಜಗಳಕ್ಕೆ ತಯಾರಾಗಿ ಹೋಗಿದ್ದೆ, ಹೊಟ್ಟೆಗೆ ಚೆನ್ನಾಗಿ ಎರಡು ಪ್ಲೇಟು ಇಡ್ಲಿ ಇಳಿಸಿಕೊಂಡೇ ಹೋಗಿದ್ದೆ. ಜಗಳವೇ ಆಗಲಿಲ್ಲ.

"ಮೇಡಂ, ಆ ಫ್ಲೆಕ್ಸಿಗೆ ನನ್ನ ಫೋಟೋ ಹಾಕೋವಾಗ ನನ್ನನ್ನೂ ಕೇಳಲಿಲ್ಲ" ಅಂದರು ರವಿಕುಮಾರ್. "ಮೂರನೇ ಮುಖ ಯಾರದು ಅಂತ ಈ ಫೈಲು ಓದಿದ ಮೇಲೇ ಗೊತ್ತಾಗಿದ್ದು. ನಾಚಿಕೆ ಆತು. ರಂಗನಾಥ್ ನನಗೆ ಮಾವ ಆಗಬೇಕು, ಅವರಿಗೆ ಇಲ್ಲ ಅನ್ನಾಕೆ ಧೈರ್ಯ ಇರಲಿಲ್ಲ."

ಹೇಳಿ, ಕೋಟಿನ ಜೇಬಿನಿಂದ ಒಂದು ಸಣ್ಣ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟರು. "ನೀವು ಪೆನ್ಸಿಲ್ನಲ್ಲಿ ಬರೆದಿದ್ದು ಓದಿದೆ. ಬೆಲ್ಲ ತಂದೀನಿ."

ಮೇಡಂ ಆ ಪೊಟ್ಟಣವನ್ನೂ ಅವರ ಮುಖವನ್ನೂ ನೋಡಿ, "ಕೂತ್ಕೊಳ್ರಿ ರವಿಕುಮಾರ್, ಕೇಸು ನೋಡ್ಕೊಂಡು ಹೋಗ್ರಿ" ಅಂದರು. ನಾನು ಆ ಮನುಷ್ಯನ ಬಗ್ಗೆ ಮನಸ್ಸಿನಲ್ಲಿ ಅಂದುಕೊಂಡಿದ್ದ ಬೈಗುಳಗಳಲ್ಲಿ ಅರ್ಧವನ್ನು ವಾಪಸ್ ತೆಗೆದುಕೊಂಡೆ.

ಕರಿಬಸಮ್ಮ ಬೆಲ್ಲ ತಿಂದು, ನೀರು ಕುಡಿದು, ಕಟಕಟೆ ಹತ್ತಿದಳು. ಎದುರಿಗೆ ಮುತ್ತುರಾಜ್ ಅದೇ ಜಾಗದಲ್ಲಿ, ಅದೇ ನಗು ಹಚ್ಚಿಕೊಂಡು ನಿಂತಿದ್ದ. ಮೇಡಂ ಹೆಸರು ಕೇಳಿದರು. "ಕರಿಬಸಮ್ಮ, ಗಂಡನ ಹೆಸರು ಪಾಪಣ್ಣ" ಅಂದಳು. ಅಷ್ಟು ಕೇಳಿದ್ದಕ್ಕೇ ನನಗೆ ಅರ್ಧ ಕೇಸು ಗೆದ್ದ ಹಾಗಾಯಿತು. ಆಮೇಲೆ ಅವಳು ನಿಲ್ಲಿಸಲಿಲ್ಲ. ಕಾಲುವೆ, ಟ್ರ್ಯಾಕ್ಟರು, ಹಾರೆ, ಕೈಯಿಂದ ಬಿದ್ದ ಬುತ್ತಿಯಲ್ಲಿ ಎಷ್ಟು ರೊಟ್ಟಿ ಇದ್ದವು, ಎಲ್ಲ ಹೇಳಿದಳು. ಹೊಡೆದವರು ಯಾರು ಅಂದಾಗ ಕೈಯೆತ್ತಿ ತೋರಿಸಿ, "ಇವನೇ" ಅಂದಳು.

ಮುತ್ತುರಾಜ್ ಪರ ವಕೀಲರು ಹಳೆಯ ಹುಲಿ. ಎದ್ದು ನಿಂತು ಕನ್ನಡಕ ಸರಿಮಾಡಿಕೊಂಡರು.

"ಏನಮ್ಮ, ಹೋದ ಸಲ ಇದೇ ಜಾಗದಾಗೆ ನಿಂತು ಆರೋಪಿ ಮುಖ ನೋಡಾಕೂ ಆಗಲಿಲ್ಲ ನಿನಗೆ. ಇವತ್ತು ಎಷ್ಟು ಚೆನ್ನಾಗಿ ಗುರುತು ಹಿಡೀತೀಯ. ಯಾರು ಹೇಳಿಕೊಟ್ರು? ಪಿಪಿ ಮೇಡಂ ಹೇಳಿಕೊಟ್ರಾ?"

"ಯಾರೂ ಹೇಳ್ಕೊಟ್ಟಿಲ್ರೀ" ಅಂದಳು ಕರಿಬಸಮ್ಮ. "ಗುರುತು ಆವಾಗ್ಲೂ ಇತ್ತು. ಹೆದರಿಕೆ ಇತ್ತು, ಬಾಯಿ ಬರಲಿಲ್ಲ. ಈಗ ಹದಿನೆಂಟು ದಿನ ಇವನ ಮುಖದ ಮೇಲೇ ಕುಂತು ಜೋಳ ಬಿಡಿಸೀನಿ. ಮೊದಲ್ನೇ ದಿನ ಈ ಮುಖ ಬಿಟ್ಟು ಅತ್ತಾಗೆ ಕುಂತಿದ್ದೆ. ಆಮೇಲೆ ನೆರಳು ಬಂದ ಕಡೆ ಕುಂತೆ. ಏನೂ ಆಗಲಿಲ್ರೀ ಸ್ವಾಮಿ. ಇನ್ನೇನು ಹೆದರಾದು?"

ಟೈಪಿಸ್ಟ್ ಹುಡುಗಿಯ ಬೆರಳು ನಿಂತವು. ಅವಳು ನ್ಯಾಯಾಧೀಶರ ಮುಖ ನೋಡಿದಳು. ಸಾಕ್ಷಿ ಹೇಳಿದ್ದನ್ನು ಯಾವಾಗಲೂ ನ್ಯಾಯಾಧೀಶರೇ ತಿದ್ದಿ, ನೆಟ್ಟಗೆ ಮಾಡಿ ಬರೆಸುತ್ತಾರೆ. ಅವರು ಪೆನ್ನಿನ ಮುಚ್ಚಳ ಹಾಕಿ, ತೆಗೆದು, "ಅವರು ಹೇಳಿದ ಹಾಗೇ ಬರ್ಕೊಳ್ಳಿ" ಅಂದರು. ಹಳೆಯ ಹುಲಿ 'ಇನ್ನು ಪ್ರಶ್ನೆ ಇಲ್ಲ' ಎಂದು ಕೂತಿತು. ನಾನು ಮುತ್ತುರಾಜ್ ಕಡೆ ನೋಡಿದೆ. ಮೀಸೆ ಇತ್ತು, ನಗು ಇರಲಿಲ್ಲ.

ಫೆಬ್ರವರಿಯಲ್ಲಿ ತೀರ್ಪು ಬಂತು, ಮುತ್ತುರಾಜ್‌ಗೆ ಏಳು ವರ್ಷ. ಆ ಸುದ್ದಿ ಕೇಳುವಾಗ ನಾನು ಹೊನ್ನಾಳಿಯಲ್ಲಿ ಇರಲಿಲ್ಲ. ಸಾಕ್ಷಿ ಆದ ವಾರದಲ್ಲೇ ರಂಗನಾಥ್ ಕಡೆಯವರು ಆ ಫ್ಲೆಕ್ಸು ಹೊರಗೆ ಹೋದದ್ದು ಹೇಗೆ ಎಂದು ಹುಡುಕಿಕೊಂಡು ಸಾಸ್ವೆಹಳ್ಳಿಗೆ ಹೋಗಿದ್ದರು. ಹೆಚ್ಚು ಹುಡುಕಬೇಕಾಗಲಿಲ್ಲ. ಕರಿಬಸಮ್ಮನ ಮನೆಯ ಮುಂದೆ, ಜೋಳದ ರಾಶಿಯ ಮೇಲೆ, ಮೊಳದುದ್ದದ ಕೆಂಪು ಅಕ್ಷರಗಳಲ್ಲಿ ನನ್ನ ಹೆಸರೂ ಊರೂ ಬಿಸಿಲಿಗೆ ಹೊಳೆಯುತ್ತಿದ್ದವು. ಅವರಿಗೆ ಫ್ಲೆಕ್ಸಿನ ಚಟ, ನನಗೆ ಪೇಂಟಿನ ಚಟ. ಮಾಡಿದ್ದುಣ್ಣೋ ಮಹಾರಾಯ ಅಂದಳು ಸುನೀತಾ. ಹೇಳಿ, ನನ್ನ ಬಟ್ಟೆಗಳನ್ನು ಟ್ರಂಕಿಗೆ ತುಂಬಿದಳು. ತುಂಬುವಾಗ ನಗುತ್ತಿದ್ದಳು, ನಾನೂ ನಕ್ಕೆ.

ಮೇಡಂ ಇನ್ನೂ ಅದೇ ಕುರ್ಚಿಯಲ್ಲಿ ಇದ್ದಾರೆ. ಮೊನ್ನೆ ಕರಿಬಸಮ್ಮ ಯಾರದೋ ಮೊಬೈಲಿನಿಂದ ಫೋನ್ ಮಾಡಿದ್ದಳು. ಪಾಪಣ್ಣ ಕೋಲು ಹಿಡಿದುಕೊಂಡು ಮತ್ತೆ ಕಾಲುವೆಯವರೆಗೆ ನಡೆಯುತ್ತಾನಂತೆ. ಜೋಳ ಮಾರಿ ಆಯಿತಂತೆ. ನನಗೆ ತೊಂದರೆ ಆಯಿತಲ್ಲ ಎಂದು ಅವಳಿಗೆ ಸಂಕಟ.

"ಸಾಹೇಬ್ರೆ, ನಿಮ್ಮ ಟಾರ್ಪಾಲು ಒಗೆದು ಮಡಿಸಿ ಇಟ್ಟೀನಿ. ಹೆಸರಿರಾ ಕಡೆ ಒಳಗೆ ಮಾಡಿ ಮಡಿಸೀನಿ, ಯಾರಿಗೂ ಕಾಣಲ್ಲ. ಜಗಳೂರು ಬಸ್ಸಿಗೆ ಹಾಕಿ ಕಳಿಸ್ಲಾ?"

"ಬ್ಯಾಡ ಬಿಡವ್ವ, ನೀನೇ ಇಟ್ಕ" ಅಂದೆ. "ಮುಂದಿನ ಸುಗ್ಗಿಗೆ ಹಾಸ್ತೀಯಲ್ಲ, ಹೆಸರು ಮೇಲೆ ಕಾಣಂಗೆ ಹಾಸು."